ಬಿಎ ಎಕನಾಮಿಕ್ಸ್ ತಗೊಂಡ್ರೆ ಮುಂದೇನು? ಹಳೇಕೋಟೆ ಹೋಬಳಿ ಮಕ್ಕಳ ಮುಂದಿರೋ ದಾರಿಗಳು, ಅಡ್ಡ ನಿಂತಿರೋ ಲೆಕ್ಕ

ಹಳೇಕೋಟೆ (ಹೊಳೆನರಸೀಪುರ): ಪಿಯುಸಿ ಫಲಿತಾಂಶ ಬಂದ ಮೇಲೆ ಹೋಬಳಿಯ ಮನೆ ಮನೆಯಲ್ಲೂ ಒಂದೇ ಚರ್ಚೆ. ಸೈನ್ಸ್ ಓದಿದವರಿಗೆ ಸಿಇಟಿ, ಕಾಮರ್ಸ್ ಓದಿದವರಿಗೆ ಬಿಕಾಂ. ಆರ್ಟ್ಸ್ ಮಾಡಿದ ಹುಡುಗ ಹುಡುಗಿಯರ ಸರದಿ ಬಂದಾಗ ಮಾತ್ರ ಮಾತು ಮೆತ್ತಗಾಗುತ್ತೆ. 'ಯಾವುದಾದ್ರೂ ಒಂದು ಡಿಗ್ರಿ ಅಂತ ಇರ್ಲಿ, ಬಿಎಗೆ ಹಾಕ್ಬಿಡಿ' ಅನ್ನೋದೇ ಕೊನೆಯ ತೀರ್ಮಾನ. ಹೊಳೆನರಸೀಪುರಕ್ಕೋ ಪಡುವಲಹಿಪ್ಪೆಗೋ ಹಾಸನಕ್ಕೋ ಹೋಗಿ ಅರ್ಜಿ ತುಂಬುವಾಗ ಕಾಲೇಜಿನವರು 'ಎಚ್‌ಇಪಿ ಕೊಡ್ಲಾ?' ಅಂತಾರೆ, ಇವರು 'ಕೊಡಿ ಸಾರ್' ಅಂತಾರೆ. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್. ಮೂರು ವರ್ಷದ ಬದುಕು ಅರ್ಧ ನಿಮಿಷದಲ್ಲಿ ತೀರ್ಮಾನ ಆಗಿಹೋಗುತ್ತೆ.

ಆ ಮೂರರ ನಡುವೆ ಇರೋ ಎಕನಾಮಿಕ್ಸ್ ಅನ್ನೋ ವಿಷಯದ ಬೆಲೆ ಗೊತ್ತಿದ್ದು ತಗೊಳ್ಳೋರು ಕಡಿಮೆ. ಅದನ್ನ ಓದಿದ್ರೆ ಕೆಲಸ ಗ್ಯಾರಂಟಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಕಾಗಿಲ್ಲ. ಆದ್ರೆ ಒಂದೇ ವಿಷಯದಿಂದ ಬ್ಯಾಂಕು, ಕಾನೂನು, ಮೇಷ್ಟ್ರ ಕೆಲಸ, ಸಮೀಕ್ಷೆ, ಸಹಕಾರ ಸಂಘ, ಸ್ವಂತ ಅಂಗಡಿ ಇಷ್ಟೂ ಕಡೆಗೆ ತಿರುಗೋಕೆ ಆಗೋದು ಆರ್ಟ್ಸ್ ಕಡೆಯಲ್ಲಿ ಇದೊಂದರಿಂದಲೇ ಅಂದ್ರೂ ತಪ್ಪಾಗಲ್ಲ. ಯಾವ ತಿರುವಿನಲ್ಲಿ ಏನು ಕೇಳ್ತಾರೆ ಅನ್ನೋದನ್ನ ಮೊದಲೇ ತಿಳ್ಕೊಂಡು ಹೋಗೋರು ಇಲ್ಲ ಅನ್ನೋದೇ ಸಮಸ್ಯೆ.

ಮೊದಲು ಪದವಿಯ ಸ್ಥಿತಿ ನೋಡಿ. ರಾಷ್ಟ್ರೀಯ ಶಿಕ್ಷಣ ನೀತಿ ಅಂತ 2021-22ರಲ್ಲಿ ಕರ್ನಾಟಕವೇ ದೇಶದಲ್ಲಿ ಮೊದಲು ನಾಲ್ಕು ವರ್ಷದ ಪದವಿ ತಂತು. ಸರ್ಕಾರ ಬದಲಾಯ್ತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳೀತು. ಇದನ್ನ ಶಿಫಾರಸು ಮಾಡಿದ ರಾಜ್ಯ ಶಿಕ್ಷಣ ನೀತಿ ಆಯೋಗದ ಅಧ್ಯಕ್ಷರು ಪ್ರೊ. ಸುಖದೇವ್ ಥೋರಟ್. ಅವರು ಮೂಲತಃ ಅರ್ಥಶಾಸ್ತ್ರದ ಮೇಷ್ಟ್ರೇ. ನಡುವೆ ಹಾಸನಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂತು, ಹೇಮಗಂಗೋತ್ರಿಯಲ್ಲೇ ಶುರುವಾಯ್ತು. ಎರಡು ವರ್ಷ ಆಗೋಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಹೊಸದಾಗಿ ಮಾಡಿದ ಒಂಬತ್ತು ವಿವಿಗಳನ್ನ ಮುಚ್ಚಬೇಕು ಅಂತ ಸಂಪುಟ ಉಪಸಮಿತಿ ಹೇಳ್ತು, ಜಿಲ್ಲೆಯಲ್ಲಿ ಗದ್ದಲ ಆಯ್ತು. ಮಾರ್ಕ್ಸ್ ಕಾರ್ಡ್ ಮೇಲೆ ಮೈಸೂರು ಅಂತಿರುತ್ತೋ ಹಾಸನ ಅಂತಿರುತ್ತೋ ಅನ್ನೋದು ಅಪ್ಪ ಅಮ್ಮಂದಿರಿಗೆ ದೊಡ್ಡ ಚಿಂತೆ. ಕೆಲಸ ಕೊಡೋರು ನೋಡೋದು ಯುಜಿಸಿ ಮಾನ್ಯತೆ ಇದ್ಯಾ, ಎಷ್ಟು ಪರ್ಸೆಂಟ್ ಇದೆ ಅನ್ನೋದನ್ನ. ಅಲ್ಲಿಗೆ ಆ ಚಿಂತೆ ಬಿಡಬಹುದು.

ಬಿಡೋಕಾಗದ ಚಿಂತೆ ಬೇರೆ ಇದೆ. ಕೇಂದ್ರ ಸರ್ಕಾರದ್ದೇ ಕಾರ್ಮಿಕ ಸಮೀಕ್ಷೆ ಪ್ರಕಾರ 2022-23ರಲ್ಲಿ ದೇಶದ ಒಟ್ಟು ನಿರುದ್ಯೋಗ ಶೇ. 3.2, ಪದವೀಧರರಲ್ಲಿ ಅದು ಶೇ. 13.4. ಓದದೇ ಇದ್ದವರಿಗೆ ಕೆಲಸ ಜಾಸ್ತಿ ಇದೆ ಅಂತ ಇದರ ಅರ್ಥ ಅಲ್ಲ. ಓದದವರು ಹೊಲಕ್ಕೋ ಗಾರೆ ಕೆಲಸಕ್ಕೋ ಹೋಗ್ತಾರೆ, ಓದಿದವರು ಕಾಯ್ತಾರೆ. ರಾಜ್ಯ ಸರ್ಕಾರದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂ. ಎರಡು ವರ್ಷ ಸಿಗುತ್ತೆ. ಪಾಸಾಗಿ ಆರು ತಿಂಗಳಾದ್ರೂ ಕೆಲಸ ಸಿಗದೇ ಇದ್ದವರಿಗೆ, ಮುಂದೆ ಓದು ಮುಂದುವರಿಸದವರಿಗೆ ಮಾತ್ರ. ಆ ದುಡ್ಡು ಅರ್ಜಿ ಫೀಸು, ಬಸ್ ಚಾರ್ಜು, ಪುಸ್ತಕಕ್ಕೆ ಆಗುತ್ತೆ. ಎರಡು ವರ್ಷ ಮುಗಿದ ಮೇಲೆ ಏನು ಅನ್ನೋದಕ್ಕೆ ಯೋಜನೆಯಲ್ಲಿ ಉತ್ತರ ಇಲ್ಲ.

ಕ್ಯೂ ಎಲ್ಲಾ ಒಂದೇ ಕಡೆ

ಬಿಎ ಮಾಡಿದವರ ತಲೆಯಲ್ಲಿ ಇರೋದು ಕೆಎಎಸ್, ಪಿಡಿಒ, ಎಫ್‌ಡಿಎ, ಪಿಎಸ್‌ಐ. ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಕೋಚಿಂಗ್ ಸೇರೋದು. ಈ ಕ್ಯೂನಲ್ಲಿ ಇತ್ತೀಚೆಗೆ ನಿಂತವರ ಪಾಡು ನೆನಪಿಸಿಕೊಳ್ಳಿ. 384 ಹುದ್ದೆಯ ಕೆಎಎಸ್ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ಕ್ಕೆ ನಡೀತು. ಇಂಗ್ಲಿಷ್ ಪ್ರಶ್ನೆಗಳನ್ನ ಕನ್ನಡಕ್ಕೆ ಮಾಡಿದ ರೀತಿ ಎಷ್ಟು ಕೆಟ್ಟದಾಗಿತ್ತು ಅಂದ್ರೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಬೇಕಾಯ್ತು. ಅಲ್ಲೂ ತಪ್ಪಿದೆ ಅಂತ ಮತ್ತೆ ಹೋರಾಟ. ಕನ್ನಡ ಮೀಡಿಯಂನಲ್ಲಿ ಓದಿದ ಹಳ್ಳಿ ಮಕ್ಕಳಿಗೆ ಬಿದ್ದ ಪೆಟ್ಟು ಅದು.

ಅದರ ನಡುವೆಯೇ, 2024ರ ಅಕ್ಟೋಬರ್ ಕೊನೆಯಲ್ಲಿ, ಪರಿಶಿಷ್ಟ ಜಾತಿ ಒಳಮೀಸಲಾತಿ ತೀರ್ಮಾನ ಆಗೋವರೆಗೂ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸಂಪುಟ ನಿರ್ಧರಿಸಿತು. ನಾಗಮೋಹನ ದಾಸ್ ಆಯೋಗದ ವರದಿ ಬಂದು, 2025ರ ಆಗಸ್ಟ್‌ನಲ್ಲಿ 6-6-5ರ ಹಂಚಿಕೆ ಆಯ್ತು. ಒಳಮೀಸಲಾತಿ ಆಗಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಹತ್ತು ತಿಂಗಳಲ್ಲಿ ಎಷ್ಟೋ ಮಕ್ಕಳ ವಯಸ್ಸು ಮೀರ್ತಾ ಬಂತು, ಆಮೇಲೆ ಸರ್ಕಾರ ವಯೋಮಿತಿ ಸಡಿಲಿಸಬೇಕಾಯ್ತು. ಒಂದೇ ಬಾಗಿಲ ಮುಂದೆ ಐದಾರು ವರ್ಷ ನಿಂತ್ಕೊಳ್ಳೋದು ಎಷ್ಟು ದುಬಾರಿ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಎಕನಾಮಿಕ್ಸ್ ಓದಿದವರು ಇದಕ್ಕೊಂದು ಹೆಸರು ಕಲಿತಿರ್ತಾರೆ, ಅವಕಾಶ ವೆಚ್ಚ ಅಂತ. ಪರೀಕ್ಷೆಯಲ್ಲಿ ಐದು ಮಾರ್ಕ್ಸ್‌ಗೆ ಬರೀತಾರೆ, ತಮ್ಮ ವಯಸ್ಸಿಗೆ ಹಾಕಿ ನೋಡಲ್ಲ.

ಯಾವ ಪರೀಕ್ಷೆಗೆ ಎಕನಾಮಿಕ್ಸ್ ನಿಜವಾಗಿ ಕೆಲಸಕ್ಕೆ ಬರುತ್ತೆ? ಬ್ಯಾಂಕ್ ಕ್ಲರ್ಕ್‌ಗೆ ಯಾವ ಡಿಗ್ರಿ ಆದ್ರೂ ಸಾಕು, ಅಲ್ಲಿ ಬಿಕಾಂ ಮಾಡಿದವರಿಗೆ ವಿಶೇಷ ಮರ್ಯಾದೆ ಏನೂ ಇಲ್ಲ. 'ಬಿಕಾಂ ಆದ್ರೆ ಬ್ಯಾಂಕು, ಬಿಎ ಆದ್ರೆ ಬೀದಿ' ಅನ್ನೋ ಮಾತು ಸುಳ್ಳು. ರಿಸರ್ವ್ ಬ್ಯಾಂಕ್ ಗ್ರೇಡ್ ಬಿ ಪರೀಕ್ಷೆಯ ಎರಡನೇ ಹಂತದಲ್ಲಿ ಆರ್ಥಿಕ, ಸಾಮಾಜಿಕ ವಿಷಯಗಳದ್ದೇ ಒಂದು ಪೇಪರ್ ಇದೆ. ನಬಾರ್ಡ್ ಗ್ರೇಡ್ ಎ ಪರೀಕ್ಷೆಯಲ್ಲಿ ಅದೇ ವಿಷಯ, ಹಳ್ಳಿಯ ಕಡೆಗೆ ಒತ್ತು ಕೊಟ್ಟು. ಗ್ರೇಡ್ ಬಿಗೆ ಡಿಗ್ರಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 60 ಬೇಕು, ವಯಸ್ಸು 30ರ ಒಳಗೆ. ಅದಕ್ಕೇ ಬಿಎ ಮೊದಲ ಸೆಮಿಸ್ಟರ್‌ನಿಂದಲೇ ಮಾರ್ಕ್ಸ್ ಬಗ್ಗೆ ಎಚ್ಚರ ಇರಬೇಕು. ಇಂಡಿಯನ್ ಎಕನಾಮಿಕ್ ಸರ್ವಿಸ್ ಅಂತ ಯುಪಿಎಸ್‌ಸಿ ಪರೀಕ್ಷೆ ಒಂದಿದೆ, 1961ರಿಂದ ಇರೋ ಸೇವೆ. ಅದಕ್ಕೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕೇ ಬೇಕು. ಕೆಲವು ವರ್ಷ 20 ಹುದ್ದೆಯೂ ಇರಲ್ಲ, ಆದ್ರೆ ಎದುರಿಗೆ ಇಂಜಿನಿಯರ್‌ಗಳ ದಂಡೂ ಇರಲ್ಲ.

ಈ ಎರಡು ಬ್ಯಾಂಕ್ ಪರೀಕ್ಷೆಗಳ ಮುಖ್ಯ ಪೇಪರ್ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಬರೆಯೋ ಆಸೆ ಇದ್ದವರು ಗ್ರಾಮೀಣ ಬ್ಯಾಂಕ್ ಕಡೆ ನೋಡಬೇಕು. ಹಾಸನ ಜಿಲ್ಲೆಯ ಜನಕ್ಕೆ ಕಾವೇರಿ ಗ್ರಾಮೀಣ ಬ್ಯಾಂಕ್ ಅಂತಲೇ ಗೊತ್ತಿದ್ದದ್ದು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿಗೆ ಸೇರ್ತು, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್, ಕೇಂದ್ರ ಕಚೇರಿ ಬಳ್ಳಾರಿ. ಅದರ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು, ಸ್ಥಳೀಯ ಭಾಷೆ ಗೊತ್ತಿರಲೇಬೇಕು. ಅಷ್ಟೇ ಅಲ್ಲ, ಅಧಿಕಾರಿ ಸ್ಕೇಲ್-1 ಹುದ್ದೆಗೆ ಆದ್ಯತೆ ಇರೋ ಪದವಿಗಳ ಪಟ್ಟಿಯಲ್ಲಿ ಕೃಷಿ, ಸಹಕಾರ, ಕಾನೂನಿನ ಜೊತೆ ಅರ್ಥಶಾಸ್ತ್ರದ ಹೆಸರೂ ಇದೆ. ಹಳೇಕೋಟೆಯ ಎಷ್ಟು ಮಕ್ಕಳಿಗೆ ಇದು ಗೊತ್ತು?

ಮೇಷ್ಟ್ರಾಗೋ ದಾರಿ ಉದ್ದದ್ದು. ಎಂಎ, ಬಿಎಡ್ ಮಾಡಿದ್ರೆ ಪಿಯು ಉಪನ್ಯಾಸಕ ಹುದ್ದೆ, ಕೆಸೆಟ್ ಅಥವಾ ನೆಟ್ ಪಾಸಾದ್ರೆ ಡಿಗ್ರಿ ಕಾಲೇಜು. ಕಾಯಂ ನೇಮಕಾತಿ ವರ್ಷಗಟ್ಟಲೆ ಬರಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೀತಿರೋದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಂದ. ಹತ್ತಾರು ವರ್ಷ ಪಾಠ ಮಾಡಿ ಇನ್ನೂ ಅತಿಥಿಗಳಾಗೇ ಇರೋರಿದ್ದಾರೆ. ಇವತ್ತು ನೆಟ್, ಸ್ಲೆಟ್ ಇಲ್ಲದೆ ಎಂಎ ಮಾತ್ರ ಮಾಡಿ ಈ ದಾರಿ ಹಿಡಿಯೋದು ಬೇಡ.

ಪಾಠ ಪುಸ್ತಕದಲ್ಲಿಲ್ಲ, ಎಪಿಎಂಸಿಯಲ್ಲಿದೆ

ಎಕನಾಮಿಕ್ಸ್ ಯಾಕೆ ಬೋರು ಅಂತ ಮಕ್ಕಳು ಹೇಳ್ತಾರೋ ಅರ್ಥ ಆಗುತ್ತೆ. ಪಾಠದಲ್ಲಿ ಬರೋದು ಎಕ್ಸ್, ವೈ ಅನ್ನೋ ಸರಕುಗಳು. ಅದೇ ಪಾಠ ಹಾಸನ ಜಿಲ್ಲೆಯಲ್ಲಿ ವರ್ಷ ವರ್ಷ ನಡೀತಾ ಇದೆ. ಶುಂಠಿ ತಗೊಳ್ಳಿ. 2023ರಲ್ಲಿ 60 ಕೆಜಿ ಚೀಲ 20 ಸಾವಿರ ರೂ. ದಾಟ್ತು. ಮುಂದಿನ ವರ್ಷ ಗದ್ದೆ, ಹೊಲ, ಗುತ್ತಿಗೆ ಜಮೀನು ಎಲ್ಲಾ ಶುಂಠಿ. ಎಲ್ಲರ ಬೆಳೆ ಒಟ್ಟಿಗೆ ಬಂದಾಗ ಬೆಲೆ ನೆಲ ಕಚ್ತು, ಹಾಕಿದ ಬಂಡವಾಳವೂ ಹುಟ್ಟಲಿಲ್ಲ. ಹೋದ ವರ್ಷದ ಬೆಲೆ ನೋಡಿ ಈ ವರ್ಷ ಬಿತ್ತಿದ್ರೆ ಹೀಗೇ ಆಗುತ್ತೆ ಅನ್ನೋದಕ್ಕೆ ಅರ್ಥಶಾಸ್ತ್ರದಲ್ಲಿ ಜೇಡರ ಬಲೆ ಸಿದ್ಧಾಂತ ಅಂತಾರೆ. 1934ರಲ್ಲೇ ನಿಕೋಲಸ್ ಕಾಲ್ಡಾರ್ ಅನ್ನೋ ಅರ್ಥಶಾಸ್ತ್ರಜ್ಞ ಆ ಹೆಸರಿಟ್ಟಿದ್ದು. ಜೇಡರ ಬಲೆಗೆ ಬಿದ್ದ ಮೇಲೆ ಹೆಸರು ಗೊತ್ತಾದ್ರೆ ಏನು ಬಂತು ಅನ್ನಬಹುದು. ಬೀಳೋಕೆ ಮುಂಚೆ ನಾಲ್ಕು ಜನಕ್ಕೆ ಲೆಕ್ಕ ಹಾಕಿ ತೋರಿಸೋ ಒಬ್ಬರು ಊರಲ್ಲಿದ್ರೆ ಬೆಲೆ ಇದೆ.

ಅರಕಲಗೂಡು ತಾಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ಎಷ್ಟು ಬೆಳೀಬೇಕು, ಯಾರು ಬೆಳೀಬೇಕು ಅನ್ನೋದನ್ನ ತಂಬಾಕು ಮಂಡಳಿ ಲೈಸೆನ್ಸ್ ಕೊಟ್ಟು ನಿಗದಿ ಮಾಡುತ್ತೆ, ಬೆಲೆ ಮಾತ್ರ ಬ್ರೆಜಿಲ್, ಜಿಂಬಾಬ್ವೆ ಬೆಳೆ ಹೇಗಿದೆ ಅನ್ನೋದರ ಮೇಲೆ ನಿಲ್ಲುತ್ತೆ. ಚನ್ನರಾಯಪಟ್ಟಣದ ಕಡೆ ಕೊಬ್ಬರಿ ಬೆಳೆಗಾರರಿಗೆ 2025ಕ್ಕೆ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂ. ಅಂತ ಕೇಂದ್ರ ಘೋಷಿಸಿತ್ತು. ಅದೇ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಅದರ ದುಪ್ಪಟ್ಟಿಗೂ ಮೇಲೆ ಹೋಯ್ತು. ಹಿಂದಿನ ವರ್ಷ ನಾಫೆಡ್ ಕೇಂದ್ರದ ಮುಂದೆ ನೋಂದಣಿಗೆ ರಾತ್ರಿ ಕಾದಿದ್ದ ರೈತರೇ ಈ ವರ್ಷ ಆ ಕಡೆ ತಲೆ ಹಾಕಲಿಲ್ಲ. ಇದನ್ನೆಲ್ಲ ಓದಿ, ಅಂಕಿ ಸೇರಿಸಿ, ಬೆಳೆಗಾರರಿಗೆ ತಿಳಿಯೋ ಹಾಗೆ ಹೇಳೋ ಕೆಲಸ ರೈತ ಉತ್ಪಾದಕ ಕಂಪನಿಗಳಲ್ಲಿ, ಸಹಕಾರ ಸಂಘಗಳಲ್ಲಿ, ಬೆಳೆ ಸಾಲ ಕೊಡೋ ಬ್ಯಾಂಕುಗಳಲ್ಲಿ ಬೇಕಾಗಿದೆ. ಮೈಸೂರು ವಿವಿಯ ಮಾನಸಗಂಗೋತ್ರಿಯಲ್ಲಿ ವಿಭಾಗದ ಹೆಸರೇ ಅರ್ಥಶಾಸ್ತ್ರ ಮತ್ತು ಸಹಕಾರ ಅಧ್ಯಯನ ವಿಭಾಗ.

ಅಂಗಡಿಯವರಿಗೆ ಇನ್ನೂ ಹತ್ತಿರದ ವಿಷಯ ಜಿಎಸ್‌ಟಿ. 2025ರ ಜುಲೈನಲ್ಲಿ ಫೋನ್‌ಪೇ, ಗೂಗಲ್‌ಪೇ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಯಾರೂ ಮರೆತಿಲ್ಲ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂ. ವಹಿವಾಟಿಗೆ 29 ಲಕ್ಷ ರೂ. ನೋಟಿಸ್ ಬಂತು. ಬೆಂಗಳೂರಲ್ಲಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ರು. ಮುಖ್ಯಮಂತ್ರಿ ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡಲ್ಲ, ನೋಂದಣಿ ಮಾಡಿಸ್ಕೊಳ್ಳಿ ಅಂದ ಮೇಲೆ ಗಲಾಟೆ ತಣ್ಣಗಾಯ್ತು.

ಆ ಗಲಾಟೆಯಲ್ಲಿ ಕಾಣೆಯಾಗಿದ್ದು ಸರಳ ಲೆಕ್ಕ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ ರೂ., ಸೇವೆ ಕೊಡೋರಿಗೆ 20 ಲಕ್ಷ ರೂ. ದಾಟಿದ್ರೆ ನೋಂದಣಿ. ಬರೀ ಹಾಲು, ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ಪದಾರ್ಥ ಮಾತ್ರ ಮಾರಿದ್ರೆ ಎಷ್ಟೇ ವಹಿವಾಟಾದ್ರೂ ನೋಂದಣಿ ಬೇಕಿಲ್ಲ. ಆದ್ರೆ ಅದೇ ಅಂಗಡಿಯಲ್ಲಿ ಸಿಗರೇಟು, ಬಿಸ್ಕತ್ತು, ಸೋಪು ಇಟ್ರೆ ಹಾಲಿನ ವಹಿವಾಟೂ ಸೇರಿಸಿಯೇ 40 ಲಕ್ಷದ ಲೆಕ್ಕ. 1.5 ಕೋಟಿ ರೂ. ಒಳಗಿನ ವ್ಯಾಪಾರಿಗಳು ರಾಜಿ ತೆರಿಗೆ ಪದ್ಧತಿಗೆ ಸೇರಿದ್ರೆ ಶೇ. 1 ಕಟ್ಟಿದ್ರೆ ಆಯ್ತು, ಆ ತೆರಿಗೆಯನ್ನ ಗಿರಾಕಿ ಹತ್ರ ವಸೂಲಿ ಮಾಡೋ ಹಾಗಿಲ್ಲ. ಬಿಎ ಓದ್ತಿರೋ ಮಗನೋ ಮಗಳೋ ಮನೆಯಲ್ಲಿದ್ರೆ ಇಷ್ಟು ಹೇಳೋಕೆ ಬರಬೇಕು. ಸಾರ್ವಜನಿಕ ಹಣಕಾಸು ಅನ್ನೋ ಪೇಪರ್ ಓದಿರ್ತಾರೆ, ಅಂಗಡಿಯ ಬಿಲ್ ಬುಕ್ಕಿಗೂ ಅದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿರಲ್ಲ. ಇದರ ಮೇಲೆ ಟ್ಯಾಲಿ ಕಲಿತವರು ಹೊಳೆನರಸೀಪುರದಲ್ಲೇ ಹತ್ತಿಪ್ಪತ್ತು ಅಂಗಡಿಗಳ ಲೆಕ್ಕ ನೋಡ್ಕೊಂಡು ಬದುಕಬಹುದು. ಬೆಂಗಳೂರಿನ ಪಿಜಿ ಬಾಡಿಗೆ ಕಳೆದ್ರೆ ಕೈಗೆ ಉಳಿಯೋದು ಎಷ್ಟು ಅಂತ ಹೋಲಿಸಿ ನೋಡಿದ್ರೆ ಅದು ಕಡಿಮೆ ಏನಲ್ಲ.

ಬೈಕಲ್ಲಿ ಬರೋ ಕೆಲಸ

ತಾಲೂಕು ಮಟ್ಟದಲ್ಲಿ ಬಿಎ ಹುಡುಗರಿಗೆ ಸುಲಭವಾಗಿ ಸಿಗೋ ಖಾಸಗಿ ಕೆಲಸ ಮೈಕ್ರೋಫೈನಾನ್ಸ್ ಕಂಪನಿಯ ಫೀಲ್ಡ್ ಆಫೀಸರ್. ಬ್ಯಾಗು, ಬೈಕು, ಬೆಳಗ್ಗೆ ಏಳಕ್ಕೆ ಮಹಿಳಾ ಗುಂಪಿನ ಮೀಟಿಂಗು, ಕಂತು ವಸೂಲಿ. ಕಿರುಕುಳ, ಆತ್ಮಹತ್ಯೆ ಪ್ರಕರಣಗಳು ಹೆಚ್ಚಾದಾಗ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ. ಮೇಲಿನವರ ಟಾರ್ಗೆಟ್ ಒಂದು ಕಡೆ, ಈ ಕಾನೂನು ಇನ್ನೊಂದು ಕಡೆ. ಮನೆ ಬಾಗಿಲಲ್ಲಿ ನಿಂತು ಮಾತು ಕೇಳೋನು, ಕೇಸಾದ್ರೆ ಮೊದಲು ಸಿಗೋನು ಆ ಹುಡುಗನೇ.

ಆ ಕೆಲಸಕ್ಕೆ ಹೋಗೋರಿಗೂ ಸಾಲ ತಗೊಳ್ಳೋರಿಗೂ ಗೊತ್ತಿರಬೇಕಾದ ಒಂದು ಲೆಕ್ಕ ಇಲ್ಲಿದೆ. 50 ಸಾವಿರ ರೂ. ಸಾಲ, 'ಫ್ಲಾಟ್ ಶೇ. 12', ಎರಡು ವರ್ಷ. ಬಡ್ಡಿ 12 ಸಾವಿರ, ಒಟ್ಟು 62 ಸಾವಿರ, 24 ಕಂತು, ತಿಂಗಳಿಗೆ ಸುಮಾರು 2,583 ರೂ. ಕೇಳೋಕೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಆದ್ರೆ ಅಸಲು ತಿಂಗಳು ತಿಂಗಳೂ ತೀರ್ತಾ ಹೋದ್ರೂ ಬಡ್ಡಿ ಪೂರ್ತಿ 50 ಸಾವಿರದ ಮೇಲೇ ಬೀಳುತ್ತೆ. ಉಳಿದ ಅಸಲಿನ ಮೇಲೆ ಮಾತ್ರ ಹಾಕಿ ನೋಡಿದ್ರೆ ನಿಜವಾದ ಬಡ್ಡಿ ವರ್ಷಕ್ಕೆ ಶೇ. 21.5ರ ಹತ್ತಿರ. ಎಲ್ಲಾ ಖರ್ಚೂ ಸೇರಿಸಿದ ವಾರ್ಷಿಕ ದರವನ್ನ ಒಂದು ಹಾಳೆಯಲ್ಲಿ ಸಾಲಗಾರರಿಗೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ನಿಯಮ ಮಾಡಿದೆ. ಆ ಹಾಳೆ ಓದಿ ಹೇಳೋ ಫೀಲ್ಡ್ ಆಫೀಸರ್‌ಗೆ ಜನ ಬೈಯೋದು ಕಡಿಮೆ. ಎರಡು ವರ್ಷ ಆ ಕೆಲಸ ಮಾಡಿದ ಅನುಭವ ಬ್ಯಾಂಕ್ ಸಂದರ್ಶನದಲ್ಲೂ ಹೇಳ್ಕೊಳ್ಳಬಹುದು.

ಗಣಿತದ ಗೋಡೆ

ಈ ವಿಷಯ ಎಷ್ಟು ದೂರ ಕರ್ಕೊಂಡು ಹೋಗುತ್ತೆ ಅನ್ನೋದಕ್ಕೆ ದೊಡ್ಡ ಹೆಸರು ಬೇಕು ಅಂದ್ರೆ ಡಾ. ಬಿ.ಆರ್. ಅಂಬೇಡ್ಕರ್ ಇದ್ದಾರೆ. 1912ರ ಬಿಎ ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಲ್ಲಿ. ಕೊಲಂಬಿಯಾದಲ್ಲಿ, ಆಮೇಲೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿದ್ದು ಅದನ್ನೇ. ರೂಪಾಯಿಯ ಸಮಸ್ಯೆ ಬಗ್ಗೆ 1923ರಲ್ಲಿ ಪುಸ್ತಕ ತಂದ್ರು. ವಕೀಲಿಕೆ, ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ, ನೀರಾವರಿ, ಸಂವಿಧಾನ ಎಲ್ಲಾ ಆಮೇಲೆ. ನಮ್ಮಲ್ಲಿ ಡಿ.ಎಂ. ನಂಜುಂಡಪ್ಪ. ಅವರ ಸಮಿತಿ 2002ರಲ್ಲಿ 35 ಮಾನದಂಡ ಇಟ್ಕೊಂಡು ಆಗಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಪಟ್ಟಿ ಮಾಡ್ತು. ಇಪ್ಪತ್ತು ವರ್ಷ ಯಾವ ತಾಲೂಕಿಗೆ ಎಷ್ಟು ದುಡ್ಡು ಅನ್ನೋ ಜಗಳ ಆ ಪಟ್ಟಿ ಹಿಡ್ಕೊಂಡೇ ನಡೀತು. 2024ರಲ್ಲಿ ಮತ್ತೆ ಸಮಿತಿ ಆಯ್ತು, ಅದಕ್ಕೂ ಅಧ್ಯಕ್ಷರು ಅರ್ಥಶಾಸ್ತ್ರಜ್ಞರೇ, ಎಂ. ಗೋವಿಂದ ರಾವ್. ನಾಟಕಕಾರ ಗಿರೀಶ ಕಾರ್ನಾಡರೂ ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರ, ರಾಜಕೀಯದ ಜೊತೆ ಅರ್ಥಶಾಸ್ತ್ರ ಓದಿದವರು ಅಂದ್ರೆ ಎಷ್ಟೋ ಜನ ನಂಬಲ್ಲ.

ಹಳೇಕೋಟೆ ಹುಡುಗಿಗೂ ಆ ದಾರಿಗೂ ನಡುವೆ ಇರೋದು ಇಂಗ್ಲಿಷ್ ಅಂತ ಎಲ್ಲರೂ ಹೇಳ್ತಾರೆ. ಅದಕ್ಕಿಂತ ಎತ್ತರದ ಗೋಡೆ ಗಣಿತ. ಆರ್ಟ್ಸ್ ತಗೊಳ್ಳೋದೇ ಗಣಿತ ಬಿಡೋಕೆ. ಎಸ್ಸೆಸ್ಸೆಲ್ಸಿ ಆದ್ಮೇಲೆ ಐದು ವರ್ಷ ಲೆಕ್ಕ ಮುಟ್ಟದೇ ಬಿಎ ಮುಗಿಯುತ್ತೆ. ಆಮೇಲೆ ಬ್ಯಾಂಕ್ ಪರೀಕ್ಷೆಯಲ್ಲಿ ಕ್ವಾಂಟ್, ರೀಸನಿಂಗ್ ಎದುರಾದಾಗ ಕೈ ಕಟ್ಟಿಹೋಗುತ್ತೆ. ದೊಡ್ಡ ಸಂಸ್ಥೆಗಳ ಎಂಎ ಪ್ರವೇಶ ಪರೀಕ್ಷೆಯಲ್ಲೂ ಅದೇ. ಸಮೀಕ್ಷೆ, ಡೇಟಾ ಕೆಲಸ ಕೊಡೋರು ಮೊದಲು ಕೇಳೋದೇ ಎಕ್ಸೆಲ್ ಬರುತ್ತಾ ಅಂತ. 2027ರ ಜನಗಣತಿ ಪೂರ್ತಿ ಮೊಬೈಲ್, ಕಂಪ್ಯೂಟರ್ ಮೇಲೆ, ಕಾರ್ಮಿಕ ಸಮೀಕ್ಷೆಯ ಅಂಕಿ 2025ರಿಂದ ತಿಂಗಳಿಗೊಮ್ಮೆ ಬರ್ತಿದೆ. ಅಂಕಿ ಸೇರಿಸೋ, ತಪ್ಪು ಹುಡುಕೋ ಜನ ಬೇಕು. ದಿನಕ್ಕೆ ಒಂದು ಗಂಟೆ ಎಸ್ಸೆಸ್ಸೆಲ್ಸಿ ಗಣಿತವನ್ನೇ ತಿರುಗಿ ಮಾಡಿದ್ರೂ ಮೂರು ವರ್ಷಕ್ಕೆ ಸಾವಿರ ಗಂಟೆ ಆಗುತ್ತೆ. ಕೋಚಿಂಗ್ ಸೆಂಟರ್‌ಗೆ ಸಾವಿರಾರು ರೂಪಾಯಿ ಕಟ್ಟೋಕೆ ಮುಂಚೆ ಇದನ್ನ ಮಾಡಿ ನೋಡಬಹುದು.

ಹೆಣ್ಣುಮಕ್ಕಳಿಗೆ ಒಂದು ಅನುಕೂಲ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಫ್ರೀ. ಹಾಸನದ ಕಾಲೇಜಿಗೆ ಹೋಗಿ ಬರೋಕೆ ಬಸ್ ಚಾರ್ಜು ಇಲ್ಲ ಅನ್ನೋ ಕಾರಣಕ್ಕೆ ಹತ್ತಿರದ ಕಾಲೇಜಿನ ಸಿಕ್ಕ ಕಾಂಬಿನೇಷನ್‌ಗೆ ಒಪ್ಪಿಕೊಳ್ಳಬೇಕಾಗಿಲ್ಲ. ಬಸ್ಸು ಟೈಮಿಗೆ ಬರಬೇಕು, ಅಷ್ಟೇ. ಹೋಬಳಿಯಿಂದ ಬೆಳಗ್ಗೆ ಹೊತ್ತಿಗೆ ಹೋಗೋ ಬಸ್ಸುಗಳಲ್ಲಿ ಕಾಲಿಡೋಕೆ ಜಾಗ ಇಲ್ಲದಿದ್ರೆ ಮೊದಲ ಕ್ಲಾಸ್ ತಪ್ಪುತ್ತೆ. ಗಣಿತ, ಸಂಖ್ಯಾಶಾಸ್ತ್ರದ ಕ್ಲಾಸು ನಾಲ್ಕು ದಿನ ತಪ್ಪಿಸ್ಕೊಂಡ್ರೆ ಐದನೇ ದಿನ ಏನೂ ತಲೆಗೆ ಹತ್ತಲ್ಲ.

ಅರ್ಜಿ ಹಾಕೋರು ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ವಿಷಯ ಆಯ್ಕೆ ಒತ್ತೋಕೆ ಮುಂಚೆ ಕಾಲೇಜಿನಲ್ಲಿ ಮೂರು ಪ್ರಶ್ನೆ ಕೇಳಬೇಕು. ಎಕನಾಮಿಕ್ಸ್‌ಗೆ ಮೇಷ್ಟ್ರು ಈಗ ಇದ್ದಾರಾ, ಅತಿಥಿ ಉಪನ್ಯಾಸಕರು ಬರೋವರೆಗೂ ಕಾಯಬೇಕಾ? ಎಕನಾಮಿಕ್ಸ್ ಜೊತೆ ಸಂಖ್ಯಾಶಾಸ್ತ್ರವೋ ಕಂಪ್ಯೂಟರ್ರೋ ತಗೊಳ್ಳೋ ಕಾಂಬಿನೇಷನ್ ಇದೆಯಾ? ಕೊನೇ ವರ್ಷದಲ್ಲಿ ಯಾವ ಪೇಪರ್‌ಗಳನ್ನ ಆರಿಸ್ಕೊಳ್ಳೋಕೆ ಬಿಡ್ತಾರೆ? ಕ್ಲಾಸ್ ಶುರುವಾಗಿ ಕೆಲವು ವಾರ ಕಳೆದ ಮೇಲೆ ಕಾಂಬಿನೇಷನ್ ಬದಲಾಯಿಸೋದು ಕಷ್ಟ. ಕೇಳೋಕೆ ಹೋಗುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರ್ಕೊಂಡು ಹೋಗಿ, ಪ್ರಶ್ನೆ ಅವರೇ ಕೇಳಲಿ.